ಹಾಳೆಯ ಹಿಂಬದಿಯನ್ನು ಮುಚ್ಚಬೇಡಿ

ಪ್ರಶ್ನೆ: ಹಳೆಯ ಚಿತ್ರ ಮಾರುವವರೊಬ್ಬರಿಂದ ಒಂದು ಹಾಳೆ ಕೊಂಡಿದ್ದೇನೆ. ನಕ್ಷತ್ರದ ಹಾಗೆ ಒಂಬತ್ತು ಮೂಲೆಗಳ ಕೋಟೆ, ಹೆಸರು ‘ಪಾಲ್ಮಾ’. ಬಣ್ಣ ಹಚ್ಚಿದೆ. ಮಧ್ಯೆ ಮಡಿಕೆ ಇದೆ, ಹಿಂದೆ ಲ್ಯಾಟಿನ್ ಬರಹವಿದೆ. ಇದು ಅಸಲಿಯೋ, ನಕಲೋ? ಊರನ್ನು ಹೀಗೇಕೆ ಕಟ್ಟಿದರು? ರಟ್ಟಿಗೆ ಅಂಟಿಸಿ ಫ್ರೇಮ್ ಹಾಕಿಸಬಹುದೇ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳಿಬಿಡುತ್ತೇನೆ. ದಯವಿಟ್ಟು ಅಂಟಿಸಬೇಡಿ. ನಾನು ಕೊಂಡ ಮೊದಲ ಕೋಟೆ ಚಿತ್ರವನ್ನು ಫ್ರೇಮಿಗೆ ಕೊಟ್ಟಿದ್ದೆ. ಅವರು ಅಂಚು ಕತ್ತರಿಸಿ, ಗೋಂದು ಬಳಿದು, ರಟ್ಟಿಗೆ ಮೆತ್ತಿ ಕೊಟ್ಟರು. ಇವತ್ತಿಗೂ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಇಂಥ ಹಾಳೆಯ ಅರ್ಧ ಕಥೆ ಇರುವುದೇ ಹಿಂಬದಿಯಲ್ಲಿ.

ಇನ್ನು ಅಸಲಿಯೋ, ನಕಲೋ ಎಂಬ ಪ್ರಶ್ನೆ. ಗೇಯೋರ್ಗ್ ಬ್ರೌನ್ ಮತ್ತು ಫ್ರಾನ್ಸ್ ಹೋಗೆನ್‌ಬರ್ಗ್ ಶುರು ಮಾಡಿದ ನಗರಚಿತ್ರಗಳ ಆರು ಸಂಪುಟ ಜರ್ಮನಿಯ ಕಲೋನ್ ನಗರದಿಂದ 1572ರಿಂದ 1617ರವರೆಗೆ ಹೊರಬಂದವು. ಬ್ರೌನ್ ಬರಹ ನೋಡಿಕೊಂಡರು, 1590ರಲ್ಲಿ ತೀರಿಕೊಳ್ಳುವವರೆಗೆ ಹೆಚ್ಚಿನ ಚಿತ್ರಗಳನ್ನು ಹೋಗೆನ್‌ಬರ್ಗ್ ಕೆತ್ತಿದರು. ಎರಡು ಪುಟದಗಲದ ಚಿತ್ರ ಮಡಿಸಿ ಹೊಲಿದ ಕಾರಣ ಮಧ್ಯೆ ಮಡಿಕೆ. ಊರಿನ ವಿವರಣೆಯನ್ನು ಅದೇ ಹಾಳೆಯ ಹಿಂದೆ ಅಚ್ಚು ಹಾಕಿದರು. ಲ್ಯಾಟಿನ್, ಜರ್ಮನ್, ಫ್ರೆಂಚ್ ಮೂರರಲ್ಲೂ ಆವೃತ್ತಿಗಳಿವೆ. ಹಾಳೆ ಯಾವ ಆವೃತ್ತಿಯದು ಅಂತ ಹಿಂದಿನ ಬರಹದಿಂದಲೇ ಪತ್ತೆ ಹಚ್ಚುತ್ತಾರೆ. ನಿಮ್ಮ ಪಾಲ್ಮಾ ಕೂಡ ಆ ಸಾಲಿನದ್ದೇ ಇರಬಹುದು. ಐದನೇ ಸಂಪುಟದಲ್ಲಿ ಆ ಊರಿನ ಚಿತ್ರವಿದೆ.

ಆದರೆ ನಕಲು ಮಾಡುವವರು ಹಿಂದಿನ ಬರಹವನ್ನೂ ಅಚ್ಚು ಹಾಕಬಲ್ಲರು, ಅಲ್ವಾ? ಅದಕ್ಕೆ ಭೂತಗನ್ನಡಿ ಹಿಡಿಯಿರಿ. ಗೆರೆಗಳು ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದರೆ ಅದು ಈಚಿನ ಮುದ್ರಣ. ತಾಮ್ರದ ತಗಡಿನ ಅಚ್ಚಿನಲ್ಲಿ ಗೆರೆ ಒಡೆಯುವುದಿಲ್ಲ. ಉಳಿ ಒಳಗಿಳಿದ ಕಡೆ ದಪ್ಪ, ಮೇಲೆದ್ದ ಕಡೆ ಚೂಪು. ಕೆತ್ತಿದ ಗೆರೆಗೆ ಮಸಿ ತುಂಬಿ, ತಗಡಿನ ಮೈ ಒರೆಸಿ, ನೆನೆಸಿದ ಕಾಗದವಿಟ್ಟು ರೋಲರ್ ಕೆಳಗೆ ಒತ್ತುತ್ತಿದ್ದರು. ಆ ಒತ್ತಡಕ್ಕೆ ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಉಳಿಯುತ್ತದೆ. ಚಿತ್ರದ ಸುತ್ತ ಬೆರಳಾಡಿಸಿ, ಸಿಗುತ್ತದೆ. ನನ್ನ ಹಾಳೆಯಲ್ಲಿ ಕತ್ತರಿಗೆ ಹೋದದ್ದು ಇದೇ ಅಂಚು.

ಇನ್ನೊಂದು ಗುರುತು ನನಗೆ ಬಹಳ ಇಷ್ಟ. ಹಾಳೆ ತಿರುಗಿಸಿ, ಮುಂದೆ ಹಸಿರು ಬಳಿದ ಜಾಗ ಹಿಂದೆ ಕಂದಾಗಿದೆಯಾ ನೋಡಿ. ಆ ಕಾಲದ ಹಸಿರನ್ನು ತಾಮ್ರದ ಕಿಲುಬಿನಿಂದ ಮಾಡುತ್ತಿದ್ದರು. ಅದು ನಿಧಾನವಾಗಿ ಕಾಗದ ತಿನ್ನುತ್ತದೆ. ಹಿಂದೆ ಹುಲ್ಲುಗಾವಲಿನ ಆಕಾರದಲ್ಲೇ ಕಂದು ಕಲೆ ಕಂಡರೆ ಬಣ್ಣ ಹಳೆಯದು ಎನ್ನಲು ಒಳ್ಳೆಯ ಸಾಕ್ಷಿ. ಕಾಣದಿದ್ದರೆ ಬಣ್ಣ ಆಮೇಲೆ ಹಚ್ಚಿದ್ದಿರಬಹುದು. ಹಾಗಂತ ಅಚ್ಚು ನಕಲಿ ಅಂದುಕೊಳ್ಳಬೇಡಿ. ನನ್ನನ್ನು ಕೇಳಿದರೆ ಬಣ್ಣವಿಲ್ಲದ ಹಾಳೆಯೇ ಚೆಂದ.

ಇನ್ನು ನಕ್ಷತ್ರದ ವಿಷಯ. ಫಿರಂಗಿ ಗುಂಡಿಗೆ ಎತ್ತರದ ತೆಳು ಗೋಡೆ ಉರುಳುತ್ತದೆ. ಹಾಗಾಗಿ ಗೋಡೆಯನ್ನು ತಗ್ಗಿಸಿ, ದಪ್ಪ ಮಾಡಿ, ಹಿಂದೆ ಮಣ್ಣು ತುಂಬಿದರು. ದುಂಡು ಬುರುಜಿನಲ್ಲಿ ಇನ್ನೊಂದು ತೊಂದರೆಯಿತ್ತು. ಅದರ ಬುಡಕ್ಕೆ ಬಂದು ನಿಂತ ಶತ್ರು ಒಳಗಿನವರ ಗುಂಡಿಗೆ ಸಿಗುತ್ತಿರಲಿಲ್ಲ. ಬಾಣದ ಮೊನೆಯಂಥ ಕೊತ್ತಲ ಕಟ್ಟಿದರೆ ಒಂದರ ಬುಡವನ್ನು ಪಕ್ಕದ್ದು ಕಾಯುತ್ತದೆ. ಒಂಬತ್ತೂ ಸೇರಿದರೆ ನಕ್ಷತ್ರ.

ನಿಮ್ಮ ಹಾಳೆಯ ‘ಪಾಲ್ಮಾ’ ಅಂದರೆ ಇಂದಿನ ಪಾಲ್ಮಾನೋವಾ. ಅದು ಇಟಲಿಯ ಈಶಾನ್ಯದಲ್ಲಿದೆ. ವೆನಿಸ್ ಗಣರಾಜ್ಯ 1593ರಲ್ಲಿ ಅದನ್ನು ಕಟ್ಟಲು ಶುರು ಮಾಡಿತು. ಕೋಟೆ ಎದ್ದರೂ ಜನ ಬಂದು ನೆಲೆಸಲು ಒಪ್ಪಲಿಲ್ಲ. ಕೊನೆಗೆ 1622ರಲ್ಲಿ ಕೈದಿಗಳಿಗೆ ಕ್ಷಮೆ ಕೊಟ್ಟು, ಜಾಗ ಕೊಟ್ಟು, ಅಲ್ಲಿಗೆ ಕಳಿಸಿದರು. ಐದನೇ ಸಂಪುಟ ಬಂದಾಗ ಊರಿಗೆ ಇನ್ನೂ ಕೆಲವೇ ವರ್ಷ. ಹಾಗಾಗಿ ಅದರಲ್ಲಿನ ಚಿತ್ರವನ್ನು ಕಣ್ಣಾರೆ ಕಂಡ ಊರು ಅನ್ನುವುದಕ್ಕಿಂತ ಊರಿನ ಆಸೆ ಅಂತಲೇ ನಾನು ಓದುತ್ತೇನೆ.

ಫ್ರೇಮಿಗೆ ಕೊಡುವಾಗ ಆಮ್ಲರಹಿತ ರಟ್ಟು ಕೇಳಿ. ಮೇಲಂಚಿನಲ್ಲಿ ಮಾತ್ರ ಜಪಾನಿ ಕಾಗದದ ಎರಡು ಸಣ್ಣ ಪಟ್ಟಿ, ಗೋಧಿ ಅಂಟು ಸಾಕು. ಟೇಪ್ ಬೇಡವೇ ಬೇಡ. ಬಿಸಿಲು ಬೀಳದ ಗೋಡೆಗೆ ಹಾಕಿ.