ಮನೆಯ ಮುಖ್ಯ ಒಳಚರಂಡಿ ಕೊಳವೆಯ ಕ್ಲೀನ್‌ಔಟ್ ಎಲ್ಲಿರುತ್ತದೆ, ಅದನ್ನು ನಾವೇ ತೆರೆಯಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ಶಿವಮೊಗ್ಗದಲ್ಲಿ ಹಳೆಯ ಮನೆಯೊಂದನ್ನು ಕೊಂಡಿದ್ದೀರಿ. ಮಳೆ ಹಿಡಿದ ಮೇಲೆ ಅಡುಗೆಮನೆಯ ಸಿಂಕಿನಲ್ಲಿ ನೀರು ಬಿಟ್ಟರೆ ಬಚ್ಚಲಿನ ಜಾಲರಿಯಿಂದ ಕೊಳೆನೀರು ಮೇಲೇಳುತ್ತಿದೆ. ಪ್ಲಂಬರ್ ಫೋನಿನಲ್ಲಿ "ಮೇನ್ ಲೈನಿನ ಕ್ಲೀನ್‌ಔಟ್ ಹುಡುಕಿಟ್ಟಿರಿ" ಎಂದಿದ್ದಾರೆ. ಅದು ಎಲ್ಲಿರುತ್ತದೆ, ತೆರೆದರೆ ಅಪಾಯವಿದೆಯೇ ಎಂದು ಕೇಳಿದ್ದೀರಿ. ನಾನು ಪ್ಲಂಬರ್ ಅಲ್ಲ. ವಿನೋಬನಗರದ ನಮ್ಮ ಮನೆಯಲ್ಲಿ ಇದೇ ಪಾಡು ಪಟ್ಟು ಕಲಿತದ್ದನ್ನು, ಕಲಿಯುವಾಗ ಮಾಡಿದ ತಪ್ಪುಗಳ ಸಹಿತ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಕ್ಲೀನ್‌ಔಟ್ ಎಂದರೆ ಕೊಳವೆ ಕಟ್ಟಿದಾಗ ತೆರೆದು ನೋಡಲು, ಬಿಡಿಸಲು ಇಟ್ಟ ಬಾಯಿ. ವೀಡಿಯೊಗಳಲ್ಲಿ ತೋರಿಸುವ ಕ್ಲೀನ್‌ಔಟ್ ಹೆಚ್ಚಾಗಿ ಅಮೆರಿಕದ ಮನೆಗಳದು. ಅಲ್ಲಿ ತಳಪಾಯದ ಪಕ್ಕದಲ್ಲೋ ನೆಲಮಾಳಿಗೆಯಲ್ಲೋ ನಾಲ್ಕು ಇಂಚಿನ ಕೊಳವೆಯೊಂದು ಮೇಲೆದ್ದು, ತಿರುಪಿನ ಮುಚ್ಚಳ ಹಾಕಿಕೊಂಡು ನಿಂತಿರುತ್ತದೆ. ನಮ್ಮ ಕಡೆ ಅದೇ ಕೆಲಸವನ್ನು ಎರಡು ವಸ್ತುಗಳು ಮಾಡುತ್ತವೆ. ಒಂದು, ಅಂಗಳದಲ್ಲಿ ನೆಲದ ಮಟ್ಟಕ್ಕೆ ಮುಚ್ಚಳವಿರುವ ಚೇಂಬರ್, ಅಂದರೆ ಇಟ್ಟಿಗೆಯಲ್ಲಿ ಕಟ್ಟಿ ಒಳಗೆ ಸಿಮೆಂಟ್ ಗಾರೆ ಮಾಡಿದ ಚೌಕದ ಗುಂಡಿ. ಇನ್ನೊಂದು, ಗೋಡೆಗುಂಟ ಇಳಿದ ಕೊಳವೆ ನೆಲ ಸೇರುವಲ್ಲಿ ಕೂರಿಸಿದ ಡೋರ್ ಬೆಂಡ್ ಅಥವಾ ಡೋರ್ ಟೀ. ಅದರ ಮೈಮೇಲೆ ರಬ್ಬರ್ ವಾಷರ್ ಇರುವ, ಬಿಚ್ಚಬಹುದಾದ ಸಣ್ಣ ಬಾಗಿಲೊಂದಿರುತ್ತದೆ. ನಿಮ್ಮ ಪ್ಲಂಬರ್ ಕೇಳಿದ್ದು ಇವುಗಳನ್ನೇ. ಅಡುಗೆಮನೆ, ಬಚ್ಚಲುಗಳ ನೀರು ಬಂದು ಬೀಳುವ, ಮೇಲೆ ಜಾಲರಿ ಇರುವ ಗಲ್ಲಿ ಟ್ರಾಪ್ ಮಾತ್ರ ಬೇರೆ. ರಸ್ತೆಯ ಚರಂಡಿಯ ವಾಸನೆಯೂ ಜಿರಳೆಯೂ ಮನೆಯತ್ತ ಬಾರದಿರಲೆಂದು ಅದರ ಬಾಗಿದ ಕೊಳವೆಯಲ್ಲಿ ಯಾವಾಗಲೂ ನೀರು ನಿಂತಿರಬೇಕು. ಅದನ್ನು ನೋಡಿ ಲೈನು ಕಟ್ಟಿದೆ ಎಂದು ಗಾಬರಿಯಾಗಬೇಕಿಲ್ಲ.

ಕಟ್ಟಿರುವುದು ಮುಖ್ಯ ಕೊಳವೆಯೇ ಎಂಬುದನ್ನು ನಿಮ್ಮ ವಿವರಣೆಯೇ ಹೇಳುತ್ತಿದೆ. ಒಂದು ಸಿಂಕು ಮಾತ್ರ ನಿಧಾನವಾದರೆ ಆ ಸಿಂಕಿನ ಕವಲು ಕೊಳವೆಯ ದೋಷ. ಒಂದು ಕಡೆ ಬಿಟ್ಟ ನೀರು ಮನೆಯ ಅತಿ ತಗ್ಗಿನ ಇನ್ನೊಂದು ಬಾಯಿಯಿಂದ ಮೇಲೇಳುತ್ತದೆಯೆಂದರೆ ಎರಡೂ ಕೂಡುವ ಜಾಗದಿಂದ ಮುಂದೆ ಎಲ್ಲೋ ಅಡ್ಡಿಯಿದೆ ಎಂದರ್ಥ.

ಹುಡುಕಾಟವನ್ನು ಶೌಚಾಲಯದ ಹೊರಗೋಡೆಯಿಂದ ಆರಂಭಿಸಿ. ತಾರಸಿಯ ಮೇಲಕ್ಕೆ ಹೋದ ಗಾಳಿಕೊಳವೆ ಯಾವ ಗೋಡೆಯಲ್ಲಿ ಕಾಣುತ್ತದೆಯೋ ಅದೇ ಗೋಡೆಯ ಬುಡದಲ್ಲಿ ಡೋರ್ ಬೆಂಡ್, ಅದರಿಂದ ಕೆಲವೇ ಅಡಿಗಳಲ್ಲಿ ಮೊದಲ ಚೇಂಬರ್ ಇರುವುದು ವಾಡಿಕೆ. ಅಲ್ಲಿಂದ ಕೊಳವೆ ತಿರುಗಿದಲ್ಲೆಲ್ಲ, ಇನ್ನೊಂದು ಕೊಳವೆ ಬಂದು ಕೂಡಿದಲ್ಲೆಲ್ಲ ಒಂದೊಂದು ಚೇಂಬರ್ ಇರಬೇಕು; ಕೊನೆಯದು ಕಾಂಪೌಂಡ್ ಗೋಡೆಗೆ ತಾಗಿದಂತೆ ಇರುತ್ತದೆ. ಆ ಗೋಡೆ ರಸ್ತೆಯ ಕಡೆಯದೇ ಆಗಬೇಕಿಲ್ಲ. ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಓಣಿ, ಅಂದರೆ ಶುಚಿ ಕೆಲಸಕ್ಕೆಂದು ಬಿಟ್ಟ ಕಿರುದಾರಿ ಇರುವಲ್ಲಿ ಲೈನು ಹಿತ್ತಿಲ ಕಡೆಗೂ ಹೋಗಿರಬಹುದು. ಅಂಗಳಕ್ಕೆ ಇಂಟರ್‌ಲಾಕ್ ಟೈಲ್ಸ್ ಹಾಕಿಸುವಾಗ ಚೇಂಬರಿನ ಮುಚ್ಚಳವನ್ನೂ ಸೇರಿಸಿ ಮುಚ್ಚಿಬಿಡುವ ಕೆಟ್ಟ ಅಭ್ಯಾಸ ನಮ್ಮಲ್ಲಿದೆ. ಹಾಗಾಗಿರುವ ಕಡೆ ಹಾರೆಯ ಹಿಡಿಯಿಂದ ಕುಟ್ಟುತ್ತ ಬನ್ನಿ, ಟೊಳ್ಳು ದನಿ ಬಂದಲ್ಲಿ ನಿಲ್ಲಿ. ಮಳೆಗಾಲದಲ್ಲಿ ಇನ್ನೊಂದು ಸುಳಿವು ತಾನಾಗಿ ಸಿಗುತ್ತದೆ: ಮುಚ್ಚಳದ ಸಂದಿನಗುಂಟ ಹಾವಸೆಯೂ ಹುಲ್ಲೂ ಗೆರೆ ಎಳೆದ ಹಾಗೆ ಚೌಕವಾಗಿ ಹುಟ್ಟಿರುತ್ತವೆ. ಮನೆಯವರೊಬ್ಬರಿಗೆ ಫ್ಲಶ್ ಮಾಡಲು ಹೇಳಿ ನೀವು ಅಂಗಳದಲ್ಲಿ ಕಿವಿಗೊಟ್ಟು ನಿಂತರೆ ನೀರು ಹಾಯುವ ದಾರಿ ಕೇಳಿಸುವುದೂ ಉಂಟು, ಆದರೆ ನಿಮ್ಮ ಲೈನು ಈಗ ಕಟ್ಟಿರುವುದರಿಂದ ಆ ಉಪಾಯವನ್ನು ದುರಸ್ತಿಯ ನಂತರಕ್ಕೆ ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಕೊನೆಯ ಚೇಂಬರ್ ಎಷ್ಟು ಹುಡುಕಿದರೂ ಸಿಗಲಿಲ್ಲ. ಪಕ್ಕದ ಮನೆಯ ಅಜ್ಜಿಯೊಬ್ಬರು ಬೇಲಿಯಾಚೆಯಿಂದ ನೋಡುತ್ತಿದ್ದವರು, "ಬಟ್ಟೆ ಒಗಿಯೋ ಕಲ್ಲು ಎತ್ತಿಸಿ ನೋಡಪ್ಪ, ಅದು ಮೊದಲು ಅಲ್ಲಿರಲಿಲ್ಲ" ಎಂದರು. ಚೇಂಬರ್ ಇದ್ದದ್ದು ಆ ಕಲ್ಲಿನಡಿಯಲ್ಲೇ. ಆದ್ದರಿಂದ ಹಳೆಯ ಮಾಲೀಕರನ್ನು, ಮನೆ ಕಟ್ಟಿದ ಮೇಸ್ತ್ರಿಯನ್ನು, ಅಕ್ಕಪಕ್ಕದವರನ್ನು ವಿಚಾರಿಸಲು ಸಂಕೋಚಪಡಬೇಡಿ. ಒಂದೇ ಸಾಲಿನ ಮನೆಗಳಲ್ಲಿ ಲೈನು ಸಾಮಾನ್ಯವಾಗಿ ಒಂದೇ ರೀತಿ ಹೋಗಿರುತ್ತದೆ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಚೇಂಬರ್ ತೆರೆಯುವುದು ಕೋಲು ತೂರಿಸಲಿಕ್ಕಲ್ಲ, ಮೊದಲು ನೋಡಲಿಕ್ಕೆ. ಮನೆಯ ಪಕ್ಕದ ಚೇಂಬರ್ ಖಾಲಿಯಾಗಿದ್ದರೆ ಕಟ್ಟಿರುವುದು ಅದಕ್ಕೂ ಮನೆಗೂ ನಡುವಿನ ತುಣುಕಿನಲ್ಲಿ. ಅದು ತುಂಬಿದ್ದು ಮುಂದಿನದು ಖಾಲಿಯಿದ್ದರೆ ಅವೆರಡರ ನಡುವೆ. ಎಲ್ಲವೂ ಕೊನೆಯದರವರೆಗೆ ತುಂಬಿ ನಿಂತಿದ್ದರೆ ದೋಷ ನಿಮ್ಮ ಕೊನೆಯ ಚೇಂಬರಿನಿಂದಾಚೆ ಇದೆ, ಬಹುಮಟ್ಟಿಗೆ ಬೀದಿಯ ಲೈನಿನಲ್ಲಿ. ಆಗ ನಿಮ್ಮ ಕೆಲಸ ಮಹಾನಗರ ಪಾಲಿಕೆಗೆ ದೂರು ಕೊಡುವುದು ಮತ್ತು ಮನೆಯಲ್ಲಿ ನೀರಿನ ಬಳಕೆ ತಗ್ಗಿಸುವುದು, ಅಷ್ಟೇ. ಇದು ನನಗೆ ತಿಳಿಯದೆ ಹೋದದ್ದರಿಂದ ಒಂದು ಜುಲೈ ತಿಂಗಳ ಭಾನುವಾರ ಇಡೀ ಬೆಳಗ್ಗೆ ಮೊದಲ ಚೇಂಬರಿನಲ್ಲಿ ಬಿದಿರಿನ ದಬ್ಬೆ ಆಡಿಸಿದೆ, ದಬ್ಬೆ ಒಳಗೇ ಮುರಿಯಿತು, ಇಲ್ಲದ ಕಡೆ ಹೊಸ ಅಡ್ಡಿಯೊಂದನ್ನು ನಾನೇ ತಯಾರಿಸಿದಂತಾಯಿತು. ನಿಜವಾದ ಕಟ್ಟು ಇದ್ದದ್ದು ರಸ್ತೆಯ ಮ್ಯಾನ್‌ಹೋಲಿನಲ್ಲಿ. ಪಕ್ಕದ ಮನೆಯವರ ಬಚ್ಚಲಲ್ಲೂ ನೀರು ಮೇಲೇಳುತ್ತಿದೆಯೇ ಎಂದು ಒಂದು ಮಾತು ಕೇಳಿದ್ದರೆ ಆ ದಿನ ಉಳಿಯುತ್ತಿತ್ತು.

ತೆರೆಯುವ ವಿಧಾನಕ್ಕೆ ಬಂದರೆ, ಮೊದಲು ಮೇಲಿನ ಟ್ಯಾಂಕಿನಿಂದ ಬರುವ ಗೇಟ್ ವಾಲ್ವ್ ಮುಚ್ಚಿ, ಮಹಡಿಯಲ್ಲಿ ಬಾಡಿಗೆಯವರಿದ್ದರೆ ಅವರಿಗೂ ತಿಳಿಸಿ. ನೀವು ಬಗ್ಗಿ ನೋಡುತ್ತಿರುವಾಗ ಮೇಲೆ ಯಾರೋ ವಾಷಿಂಗ್ ಮಿಷನ್ ನೀರು ಬಿಟ್ಟರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಮೊಣಕೈವರೆಗಿನ ರಬ್ಬರ್ ಗ್ಲೌಸು, ಗಂಬೂಟು, ಕಣ್ಣಿಗೆ ಕನ್ನಡಕ ಇರಲಿ. ಎರಡು ಅಡಿ ಚೌಕದ, ಎರಡು ಇಂಚು ದಪ್ಪದ ಕಾಂಕ್ರೀಟ್ ಮುಚ್ಚಳವೊಂದು ಹೆಚ್ಚುಕಡಿಮೆ 45 ಕಿಲೋ ತೂಗುತ್ತದೆ. ಅದನ್ನು ಇಬ್ಬರು ಸೇರಿ ಹಾರೆಯಿಂದ ಮೀಟಿ, ಸಂದಿಗೆ ಮರದ ತುಂಡು ಕೊಟ್ಟು, ಆಮೇಲೆ ಪಕ್ಕಕ್ಕೆ ಜಾರಿಸಬೇಕು. ಬೆರಳನ್ನು ಸಂದಿಗೆ ಹಾಕಲೇಬಾರದು. ಮುಚ್ಚಳದ ಅಡಿಗೆ ಹಾವು, ಚೇಳು ಸೇರಿಕೊಂಡಿರುವುದು ಮಲೆನಾಡಿನಲ್ಲಿ ಹೊಸ ಸಂಗತಿಯೇನಲ್ಲ, ಆದ್ದರಿಂದ ಟಾರ್ಚ್ ಹಾಕಿ ನೋಡಿದ ಮೇಲೆಯೇ ಕೈಯಿಡಿ. ತೆರೆದ ಮೇಲೆ ಹತ್ತು ಹದಿನೈದು ನಿಮಿಷ ದೂರ ನಿಂತು ಗಾಳಿಯಾಡಲು ಬಿಡಿ. ಬಾವಿಗೆ ಇಳಿಯುವ ಮುಂಚೆ ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯನ್ನು ಇಲ್ಲಿ ಪ್ರಯೋಗಿಸಬೇಡಿ. ಕೊಳೆತಲ್ಲಿ ಹುಟ್ಟುವ ಮೀಥೇನ್ ಹೊತ್ತಿಕೊಳ್ಳುವ ಅನಿಲ, ಬೀಡಿಯ ಕಿಡಿಯೂ ಸಾಕು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು, ಏಕೆಂದರೆ ಅದು ಗಾಳಿಗಿಂತ ಭಾರವಾಗಿ ತಳದಲ್ಲಿ ನಿಲ್ಲುತ್ತದೆ, ಮತ್ತು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 100 ಭಾಗ ದಾಟಿದರೆ ಮೂಗಿಗೆ ಅದರ ವಾಸನೆಯೇ ಸಿಗದಂತಾಗುತ್ತದೆ. ವಾಸನೆ ಹೋಯಿತು ಎಂಬುದು ಅಪಾಯ ಹೋಯಿತು ಎಂಬುದಕ್ಕೆ ಸಾಕ್ಷಿಯಲ್ಲ.

ಡೋರ್ ಬೆಂಡಿನ ಬಾಗಿಲಿಗೆ ಬೇರೆ ಎಚ್ಚರ ಬೇಕು. ಕೊಳವೆ ಕಟ್ಟಿದ್ದರೆ ಆ ಬಾಗಿಲ ಹಿಂದೆ ಮಹಡಿಯೆತ್ತರದ ಕೊಳೆನೀರು ನಿಂತಿರಬಹುದು. ಅದನ್ನು ಒಮ್ಮೆಲೇ ಬಿಚ್ಚಿದರೆ ಎದೆಯ ಮೇಲೇ ಬರುತ್ತದೆ. ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಂತು, ಬೋಲ್ಟುಗಳನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ, ಕೆಳಗೆ ಬಕೆಟ್ ಇಟ್ಟು ನೀರು ಜಿನುಗಿ ಮುಗಿಯುವವರೆಗೆ ಕಾಯಿರಿ. ಬಾಗಿಲು ಬಾರದಿದ್ದರೆ ಸುತ್ತಿಗೆಯಿಂದ ಹೊಡೆಯಬೇಡಿ, ಬಿಸಿಲಿಗೆ ಒಣಗಿದ ಪಿವಿಸಿ ಸುಲಭವಾಗಿ ಬಿರಿಯುತ್ತದೆ. ಸಾಧ್ಯವಿದ್ದರೆ ಮೊದಲು ಚೇಂಬರನ್ನೇ ತೆರೆದು ನೋಡುವುದು ವಾಸಿ.

ಅಡ್ಡಿ ನಿಮ್ಮ ಕಾಂಪೌಂಡಿನೊಳಗೇ ಇದ್ದು ಸಣ್ಣದಾಗಿದ್ದರೆ ಪ್ಲಂಬರ್ ಬಳಸುವ ಸ್ಪ್ರಿಂಗ್ ಅಥವಾ ತಿರುಪು ಜೋಡಣೆಯ ರಾಡುಗಳಿಂದ ನೀವೇ ಪ್ರಯತ್ನಿಸಬಹುದು. ರಾಡನ್ನು ಯಾವಾಗಲೂ ಬಲಕ್ಕೇ, ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಎಡಕ್ಕೆ ತಿರುಗಿಸಿದರೆ ಜೋಡಣೆ ಬಿಚ್ಚಿ ಅರ್ಧ ರಾಡು ಒಳಗೇ ಉಳಿಯುತ್ತದೆ. ತುಂಬಿದ ಚೇಂಬರಿಗಿಂತ ಅದರ ಕೆಳಗಿನ ಖಾಲಿ ಚೇಂಬರಿನಿಂದ ಮೇಲ್ಮುಖವಾಗಿ ತೂರಿಸುವುದು ಸಲೀಸು, ಕೊಳವೆಯ ಬಾಯಿ ಕಣ್ಣಿಗೆ ಕಾಣುತ್ತದೆ. ಆದರೆ ಕಟ್ಟು ಬಿಟ್ಟ ಕ್ಷಣ ನೀರು ನುಗ್ಗಿ ಬರುವುದರಿಂದ ಮುಖವನ್ನು ದೂರವಿಡಬೇಕು. ಬಿಡಿಸಿಕೊಂಡು ಬಂದದ್ದನ್ನು ಜಾಲರಿಯಿಂದ ಎತ್ತಿ ತೆಗೆಯಿರಿ, ರಸ್ತೆಯ ಲೈನಿಗೆ ತಳ್ಳಬೇಡಿ. ಬೇರೊಂದು ಸಲ ನಮ್ಮಲ್ಲಿ ಹೊರಬಂದದ್ದು ಬಟ್ಟೆಯ ಚೂರಲ್ಲ. ವರ್ಷಾನುಗಟ್ಟಲೆಯ ಎಣ್ಣೆಸ್ನಾನದ ಜಿಡ್ಡು, ಸೀಗೆಪುಡಿ, ಕೂದಲು ಮತ್ತು ಪಾತ್ರೆ ತಿಕ್ಕುವ ತೆಂಗಿನ ನಾರು ಸೇರಿ ಹೆಣೆದುಕೊಂಡ, ಹಗ್ಗದಂತಹ ಒಂದು ಗಟ್ಟಿ ಉಂಡೆ. ನವಿರಾದ ಬೇರುಗಳು ಬಂದರೆ ಮಾತ್ರ ಕೊಳವೆಯ ಸಂದು ಬಿಟ್ಟಿದೆ ಎಂದು ತಿಳಿಯಿರಿ. ಅಲ್ಲಿ ಅಗೆದು ತುಣುಕನ್ನು ಬದಲಿಸುವ ತನಕ ಆ ಕಾಟ ಮುಗಿಯದು.

ಆಸಿಡ್ ಸುರಿಯುವ ಸಲಹೆ ನಿಮಗೆ ಖಂಡಿತ ಬರುತ್ತದೆ, ಕೇಳಬೇಡಿ. ನಿಂತ ನೀರಿನಲ್ಲಿ ಅದು ಕಟ್ಟನ್ನು ತಲುಪುವುದೇ ಕಷ್ಟ, ಬ್ಲೀಚಿಂಗ್ ಪುಡಿಯೊಡನೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮತ್ತು ಆಮೇಲೆ ಕೈ ಹಾಕುವ ಪ್ಲಂಬರನ ಚರ್ಮ ಸುಡುತ್ತದೆ. ಈಗಾಗಲೇ ಸುರಿದಿದ್ದರೆ ಅದನ್ನು ಅವರಿಗೆ ಮೊದಲೇ ಹೇಳಿ. ಬಚ್ಚಲ ಹಂಡೆಯ ಕುದಿನೀರನ್ನು ಸುರಿಯುವುದೂ ಸರಿಯಲ್ಲ. ಪಿವಿಸಿ ಕೊಳವೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿಗೆ ಮಾಡಿದ್ದಲ್ಲ, ಮೆತ್ತಗಾಗಿ ಜಗ್ಗುತ್ತದೆ.

ಯಾವ ಕಾರಣಕ್ಕೂ ಮನುಷ್ಯರು ಒಳಗಿಳಿಯಬಾರದು. ಎರಡು ಅಡಿ ಆಳದ ಚೇಂಬರಿಗೆ ತಲೆ ತಗ್ಗಿಸುವುದೂ ಬೇಡ. ತೀರ್ಥಹಳ್ಳಿ, ಹೊಸನಗರದ ಕಡೆಯ ಮನೆಗಳಂತೆ ನಿಮ್ಮದೂ ಸೆಪ್ಟಿಕ್ ಟ್ಯಾಂಕಿಗೆ ಹೋಗುವ ಲೈನಾಗಿದ್ದರೆ ಈ ಮಾತು ಇನ್ನೂ ಕಟ್ಟುನಿಟ್ಟು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ, ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕ್ ಶುಚಿಗೊಳಿಸಲು ಯಾರನ್ನಾದರೂ ಇಳಿಸಿದರೆ ಮೊದಲ ಬಾರಿಗೇ ಎರಡು ವರ್ಷದವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಮನೆಯ ಮಾಲೀಕರೂ ಇದರಿಂದ ಹೊರತಲ್ಲ. ಹೀರುಯಂತ್ರದ ವಾಹನವನ್ನೇ ಕರೆಸಿ. ಮಳೆಗಾಲದಲ್ಲಿ ಟ್ಯಾಂಕು ತುಂಬಿದಂತೆ ಕಂಡರೆ ಇಂಗುಗುಂಡಿಯ ಸುತ್ತಲಿನ ಮಣ್ಣೇ ನೀರು ಕುಡಿದು ಬಿಗಿದಿರುವ ಸಾಧ್ಯತೆಯೂ ಇದೆ, ಆಗ ಎಷ್ಟು ಹೀರಿಸಿದರೂ ನಾಲ್ಕು ದಿನದಲ್ಲಿ ಮತ್ತೆ ಅಷ್ಟೇ ಆಗುತ್ತದೆ.

ಮಳೆ ಬಂದಾಗಲೇ ಏಕೆ ಎಂಬ ನಿಮ್ಮ ಅನುಮಾನಕ್ಕೆ ನನ್ನ ಊಹೆ ಹೇಳುತ್ತೇನೆ. ತಾರಸಿಯ ಮಳೆನೀರಿನ ಕೊಳವೆಯನ್ನು ಯಾರೋ ಒಳಚರಂಡಿ ಚೇಂಬರಿಗೆ ಕೂಡಿಸಿರಬಹುದು. ನಾಲ್ಕು ಇಂಚಿನ ಮನೆ ಲೈನು ಇರುವುದು ಮನೆಬಳಕೆಯ ನೀರಿಗೆ. ಆಷಾಢದ ಒಂದು ಜಡಿಮಳೆಯನ್ನು ಅದು ತಾಳದು, ಮತ್ತು ಬೀದಿಯ ಎಲ್ಲ ಮನೆಗಳೂ ಹಾಗೆಯೇ ಮಾಡಿದ್ದರೆ ತಗ್ಗಿನ ಮನೆಯ ಬಚ್ಚಲಲ್ಲಿ ನೀರು ಮೇಲೇಳುವುದು ಸಹಜ. ಮಳೆ ಬರುವಾಗ ಚೇಂಬರಿಗೆ ಯಾವ ಕೊಳವೆಯಿಂದ ತಿಳಿನೀರು ಬೀಳುತ್ತಿದೆ ಎಂದು ನೋಡಿದರೆ ಗೊತ್ತಾಗುತ್ತದೆ. ಹಾಗಿದ್ದರೆ ಅದನ್ನು ಬಿಡಿಸಿ ಮಳೆನೀರಿನ ಚರಂಡಿಗೋ ಇಂಗುಗುಂಡಿಗೋ ತಿರುಗಿಸಬೇಕು.

ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈಕಾಲು ತೊಳೆಯುವಾಗ ಗಾಯಗಳನ್ನು ಗಮನಿಸಿ. ಇಲಿಮೂತ್ರದಿಂದ ಹರಡುವ ಇಲಿಜ್ವರ ಸಣ್ಣ ಗೀರಿನಿಂದಲೂ ಒಳಹೋಗುತ್ತದೆ. ಮುಂದಿನ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ ವೈದ್ಯರಿಗೆ ಕೊಳೆನೀರು ಮುಟ್ಟಿದ್ದೆ ಎಂದು ತಪ್ಪದೆ ಹೇಳಿ, ಏಕೆಂದರೆ ನಮ್ಮಲ್ಲಿ ಮಳೆಗಾಲದ ಜ್ವರವೆಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಡೆಂಗಿ.

ಮುಚ್ಚಳ ಮುಚ್ಚುವಾಗ ಸಿಮೆಂಟಿನಿಂದ ಗಟ್ಟಿಯಾಗಿ ಬೆಸೆಯಬೇಡಿ. ಅಂಚಿಗೆ ಸುತ್ತಲೂ ಗ್ರೀಸ್ ಹಚ್ಚಿ ಕೂರಿಸಿದರೆ ವಾಸನೆಯೂ ನಿಲ್ಲುತ್ತದೆ, ಮುಂದಿನ ಬಾರಿ ಹಾರೆಗೆ ಸುಲಭವಾಗಿ ಏಳುತ್ತದೆ. ಪ್ರತಿ ಚೇಂಬರ್ ಯಾವ ಗೋಡೆಯಿಂದ ಎಷ್ಟು ಅಡಿಯಲ್ಲಿದೆ ಎಂದು ಅಳೆದು ಬರೆದು ವಿದ್ಯುತ್ ಮೀಟರಿನ ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿಡಿ. ನಮ್ಮ ಮನೆಯ ಚೀಟಿ ಅಲ್ಲೇ ಇದೆ, ಒಗೆಯುವ ಕಲ್ಲು ಈಗ ನುಗ್ಗೆಮರದ ಬುಡದಲ್ಲಿದೆ.