ಗುಲಾಬಿ ಅತ್ತರು: ಘಾಟೋ ಹದವೋ?

ಪ್ರಶ್ನೆ: ಪೇಟೆಯಲ್ಲಿ ಕೊಂಡ ಗುಲಾಬಿ ಅತ್ತರು ಹಚ್ಚಿದ ಕೂಡಲೇ ಸಾಬೂನಿನಂತೆ ಮೂಗಿಗೆ ಹೊಡೆಯುತ್ತದೆ, ಅರ್ಧ ಗಂಟೆಯಲ್ಲಿ ಮಾಯ. ಹೂವಿನ ಹಿತ ಇದರಲ್ಲಿ ಏಕಿಲ್ಲ?
– ಓದುಗರು, ದಾವಣಗೆರೆ

ಉತ್ತರ: ನಿಮಗೆ ಸಿಕ್ಕಿರುವುದು ಗುಲಾಬಿಯ ಅಗ್ಗದ ಅರ್ಧ. ಗುಲಾಬಿ ವಾಸನೆಯ ಮುಖ್ಯ ರಾಸಾಯನಿಕಗಳಾದ ಫಿನೈಲ್ ಈಥೈಲ್ ಆಲ್ಕೊಹಾಲ್, ಜೆರಾನಿಯಾಲ್, ಸಿಟ್ರೊನೆಲ್ಲೋಲ್ ಮೂರೂ ಕಾರ್ಖಾನೆಯಲ್ಲಿ ಸುಲಭವಾಗಿ ತಯಾರಾಗುತ್ತವೆ. ಅವನ್ನಷ್ಟೇ ಸುರಿದರೆ ಸಾಬೂನೇ. ದಮಾಸ್ಕ್ ಗುಲಾಬಿಯ ಎಣ್ಣೆಯಲ್ಲಿ ಬೀಟಾ-ಡಮಾಸ್ಕೆನೋನ್ ಎಂಬ ಅಂಶ ಶೇ. 1ಕ್ಕಿಂತ ಎಷ್ಟೋ ಕಡಿಮೆ, ಆದರೂ ಜೇನು, ಒಣಹಣ್ಣಿನಂಥ ಆಳ ಬರುವುದು ಅದರಿಂದ. ರೋಸ್ ಆಕ್ಸೈಡ್ ಎಂಬ ಇನ್ನೊಂದು ಅಂಶ ಲೇಶಮಾತ್ರ ಇದ್ದರೆ ಹಸಿತನ ಕೊಡುತ್ತದೆ. ಹೆಚ್ಚಾದರೆ ಕಬ್ಬಿಣದ ವಾಸನೆ.

ಇನ್ನು ಬಾಳಿಕೆ. ಉತ್ತರಪ್ರದೇಶದ ಕನೌಜ್‌ನಲ್ಲಿ ತಾಮ್ರದ ‘ದೇಗ್’ನಲ್ಲಿ ಹೂವು, ನೀರು ಕಾಯಿಸಿ, ಆವಿಯನ್ನು ಬಿದಿರಿನ ಕೊಳವೆಯಲ್ಲಿ ‘ಭಪ್ಕಾ’ ಎಂಬ ಪಾತ್ರೆಗೆ ಇಳಿಸುತ್ತಾರೆ. ಅದರೊಳಗೆ ಮೊದಲೇ ಶ್ರೀಗಂಧದೆಣ್ಣೆ ಇರುತ್ತದೆ. ಹಾರಿಹೋಗುವ ಗುಲಾಬಿಯನ್ನು ಹಿಡಿದಿಡುವುದು ಆ ಗಂಧವೇ. ಅಗ್ಗದ ಮಾಲಿನಲ್ಲಿ ಗಂಧದ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬಂದು ಕೂತಿರುತ್ತದೆ. ಅದಕ್ಕೆ ತನ್ನದೇ ಪರಿಮಳವಿಲ್ಲ, ಹಾಗಾಗಿ ಹೂವು ಹೋದ ಮೇಲೆ ಉಳಿಯುವುದು ಜಿಡ್ಡು ಮಾತ್ರ.

ಕೊಳ್ಳುವಾಗ ಬಾಟಲಿ ಮೂಸಬೇಡಿ. ಡ್ರಾಯಿಂಗ್ ಹಾಳೆಯ ಸಣ್ಣ ಪಟ್ಟಿಗೆ ಒಂದು ತೊಟ್ಟು ಹಾಕಿ, ಆಗಲೇ ಒಮ್ಮೆ, ಅರ್ಧ ಗಂಟೆಯ ಮೇಲೊಮ್ಮೆ, ನಾಲ್ಕು ಗಂಟೆಯ ಮೇಲೊಮ್ಮೆ ಮೂಸಿ. ಹದವಾದದ್ದು ತುಸು ಹುಳಿಯಾಗಿ ಶುರುವಾಗಿ, ಜೇನಾಗಿ, ಕೊನೆಗೆ ಮರದ ವಾಸನೆಯಲ್ಲಿ ನಿಲ್ಲುತ್ತದೆ. ಮೂರು ಸಲವೂ ಒಂದೇ ವಾಸನೆ ಬಂದರೆ ನಾವಂತೂ ಕೊಳ್ಳುವುದಿಲ್ಲ.

ಪ್ರಶ್ನೆ: ಚಳಿಗಾಲದಲ್ಲಿ ಗುಲಾಬಿ ಎಣ್ಣೆ ಹರಳುಗಟ್ಟಿದೆ. ಕೆಟ್ಟಿದೆಯೇ?
– ಓದುಗರು, ಮಡಿಕೇರಿ

ಉತ್ತರ: ಇಲ್ಲ. ಎಸಳಿನ ಮೇಣ ಸುಮಾರು 20 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಅಂಗೈಯಲ್ಲಿ ಕೆಲವು ನಿಮಿಷ ಹಿಡಿದರೆ ಕರಗುತ್ತದೆ. ಸೋಸಬೇಡಿ. ಆದರೆ ಹರಳಷ್ಟನ್ನೇ ನೋಡಿ ಅಸಲಿ ಎನ್ನಲಾಗದು, ಮೇಣ ಬೆರೆಸುವವರೂ ಇದ್ದಾರೆ. ಒಂದು ಕೆ.ಜಿ. ಎಣ್ಣೆಗೆ ಸುಮಾರು 3,500ರಿಂದ 4,000 ಕೆ.ಜಿ. ಹೂವು ಬೇಕು, ಬೆಲೆ ಕೇಳಿದರೇ ಅರ್ಧ ಉತ್ತರ ಸಿಗುತ್ತದೆ.

ಪ್ರಶ್ನೆ: ಮನೆಯಲ್ಲೇ ಬೆರೆಸಬಹುದೇ?
– ಓದುಗರು, ಶಿರಸಿ

ಉತ್ತರ: ಧಾರಾಳವಾಗಿ. 10 ಮಿ.ಲೀ. ಜೊಜೊಬಾ ಎಣ್ಣೆಗೆ ಶ್ರೀಗಂಧದೆಣ್ಣೆ 4 ತೊಟ್ಟು, ಗುಲಾಬಿ ಎಣ್ಣೆ 2, ಜೆರೇನಿಯಂ 1. ಲವಂಗದೆಣ್ಣೆ ಸೇರಿಸುವುದಾದರೆ ತೊಟ್ಟಿಕ್ಕಿಸಬೇಡಿ, ಚರ್ಮ ಉರಿಯುತ್ತದೆ. ಹಲ್ಲುಕಡ್ಡಿಯ ತುದಿ ಅದ್ದಿ ಒಮ್ಮೆ ಕಲಕಿದರೆ ಸಾಕು, ಗುಲಾಬಿಯ ಸಿಹಿಗೆ ಕಾರ ಕೂಡುತ್ತದೆ. ಬಣ್ಣದ ಗಾಜಿನ ಬಾಟಲಿಯಲ್ಲಿ, ಕತ್ತಲಲ್ಲಿ ಎರಡು ವಾರ ಇಡಿ. ಹಚ್ಚುವ ಮುನ್ನ ಮೊಣಕೈ ಒಳಮಡಿಕೆಯಲ್ಲಿ ಒಂದು ದಿನ ಪರೀಕ್ಷಿಸಿ. ಸಾಮಾನ್ಯವಾಗಿ ಕೆಡುವುದು ಜೆರೇನಿಯಂನಲ್ಲಿ: ಎರಡನೇ ತೊಟ್ಟು ಬಿತ್ತೋ, ಪುದೀನದಂಥ ವಾಸನೆ ಮುಂದೆ ಬಂದು ನಿಲ್ಲುತ್ತದೆ. ಆಗ ಉಳಿದೆಲ್ಲವನ್ನೂ ಇಮ್ಮಡಿ ಮಾಡದೆ ಬೇರೆ ದಾರಿಯಿಲ್ಲ.