ಮೈಸೂರಿಗೆ ವಾಪಸ್ ಬರೋರಿಗೆ ರಾತ್ ಬೇಕಾ, ಮಾಮೂಲಿ 401ಕೆ ಸಾಕಾ?

ಪ್ರಶ್ನೆ: ನಾನು ಕುವೆಂಪುನಗರದಲ್ಲಿರೋ ರಿಟೈರ್ಡ್ ಲೆಕ್ಚರರ್. ಮಗಳು ಅಳಿಯ ಇಬ್ರೂ ಅಮೆರಿಕದ ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ, ಮಗಳಿಗೆ 41. ಇನ್ನೊಂದು ಹನ್ನೆರಡು ವರ್ಷ ದುಡಿದು ಮೈಸೂರಿಗೇ ಬಂದುಬಿಡ್ತೀವಿ ಅಂತ ವಿಜಯನಗರ ನಾಲ್ಕನೇ ಸ್ಟೇಜ್‌ನಲ್ಲಿ ಸೈಟೂ ತಗೊಂಡಿದ್ದಾರೆ. ಅವರ ಫ್ರೆಂಡ್ಸೆಲ್ಲ ರಿಟೈರ್‌ಮೆಂಟ್ ದುಡ್ಡನ್ನ ರಾತ್ (Roth) ಅನ್ನೋ ಅಕೌಂಟ್‌ಗೆ ಹಾಕ್ತಿದ್ದಾರಂತೆ, ಆಮೇಲೆ ತೆಗೆಯುವಾಗ ಒಂದ್ ಪೈಸೆ ಟ್ಯಾಕ್ಸ್ ಇಲ್ವಂತೆ. ನನ್ನ ಪೆನ್ಷನ್‌ಗೂ ಟ್ಯಾಕ್ಸ್ ಬೀಳೋದು ನೋಡಿ ಅವಳಿಗೂ ಅದೇ ಸರಿ ಅನ್ನಿಸಿದೆ. ಏನ್ ಹೇಳ್ಲಿ?

ಉತ್ತರ: ಸರ್, ಅವರು ವಾಪಸ್ ಬರೋದು ಗಟ್ಟಿ ಅನ್ನೋದಾದ್ರೆ ಮಾಮೂಲಿ 401ಕೆನೇ (ಅಲ್ಲಿ ಕೆಲಸ ಮಾಡೋ ಕಂಪನಿ ಮೂಲಕ ಸಿಗೋ ರಿಟೈರ್‌ಮೆಂಟ್ ಅಕೌಂಟ್) ಹಿಡ್ಕೊಳ್ಳಲಿ ಅಂತ ನಾನು ಹೇಳೋದು.

ಮಾಮೂಲಿ 401ಕೆಗೆ ಹಾಕಿದ ದುಡ್ಡಿಗೆ ಈಗ ಟ್ಯಾಕ್ಸ್ ಇಲ್ಲ, ತೆಗೆಯುವಾಗ ಪೂರ್ತಿ ಮೊತ್ತಕ್ಕೆ ಇದೆ. ರಾತ್‌ನಲ್ಲಿ ಈಗ್ಲೇ ಟ್ಯಾಕ್ಸ್ ಕಟ್ಟಿ ಹಾಕ್ಬೇಕು, ಆಮೇಲೆ ಇಲ್ಲ, ನಮ್ಮಲ್ಲಿ ಹೊಸ ರೆಜೀಮ್‌ನೋರು 80ಸಿ ತೆರಿಗೆ ವಿನಾಯಿತಿ ಸಿಗದೇ ಪಿಪಿಎಫ್‌ಗೆ ಹಾಕ್ತಾರಲ್ಲ, ಹೆಚ್ಚುಕಮ್ಮಿ ಹಾಗೇ. ಈಗ ಲೆಕ್ಕ ನೋಡಿ, ಇಬ್ರೂ ಸೇರಿ 24% ಸ್ಲ್ಯಾಬ್‌ನಲ್ಲಿದ್ದಾರೆ ಅಂತ ಇಟ್ಕೊಳ್ಳೋಣ, 10,000 ಡಾಲರ್ ಮಾಮೂಲಿ ಅಕೌಂಟ್‌ಗೆ ಹಾಕಿದ್ರು, ಅದು ನಾಲ್ಕು ಪಟ್ಟಾಗಿ 40,000 ಆಯ್ತು, ಅದೇ 24% ಕಟ್ಟಿದ್ರೆ ಉಳಿಯೋದು 30,400. ರಾತ್‌ಗಾದ್ರೆ ಟ್ಯಾಕ್ಸ್ ಕಳೆದು 7,600 ಹೋಗುತ್ತೆ, ನಾಲ್ಕು ಪಟ್ಟಾದ್ರೆ ಅದೂ 30,400. ರೇಟ್ ಒಂದೇ ಇದ್ರೆ ಎರಡೂ ಒಂದೇ ಸರ್, ರಾತ್‌ನಲ್ಲಿ ಟ್ಯಾಕ್ಸ್ ಮಾಯ ಆಗಲ್ಲ, ಮೊದಲೇ ಕಟ್ಟಿರ್ತೀವಿ ಅಷ್ಟೇ. ಹಾಗಾಗಿ ನೋಡ್ಬೇಕಾಗಿರೋದು ಈಗಿನ ರೇಟ್ ಜಾಸ್ತಿನೋ ತೆಗೆಯೋ ಕಾಲದ್ದು ಜಾಸ್ತಿನೋ ಅನ್ನೋದನ್ನ.

ತೆಗೆಯೋ ಕಾಲಕ್ಕೆ ಅವರು ಮೈಸೂರಲ್ಲಿರ್ತಾರೆ. 2025-26ರ ಹೊಸ ರೆಜೀಮ್ ಸ್ಲ್ಯಾಬ್ ಪ್ರಕಾರ ಒಬ್ರಿಗೆ ವರ್ಷಕ್ಕೆ 20 ಲಕ್ಷ ಆದಾಯ ಬಂದ್ರೂ ಸೆಸ್ ಸೇರಿ ಟ್ಯಾಕ್ಸ್ 2,08,000, ಅಂದ್ರೆ ಹತ್ತೂವರೆ ಪರ್ಸೆಂಟೂ ಇಲ್ಲ. ಸ್ಲ್ಯಾಬ್ ಬದಲಾಗ್ತಾ ಇರುತ್ತೆ ನಿಜ, ಆದ್ರೂ ಇಂಥದ್ದನ್ನ ತಪ್ಪಿಸ್ಕೊಳ್ಳೋಕೆ ಇವತ್ತೇ 24% ಕಟ್ಟೋದು ನನಗೆ ಒಪ್ಪಿಗೆ ಇಲ್ಲ. ಟೆಕ್ಸಾಸ್‌ನಲ್ಲಿ ಸ್ಟೇಟ್ ಇನ್‌ಕಮ್ ಟ್ಯಾಕ್ಸ್ ಇಲ್ಲ, ಕ್ಯಾಲಿಫೋರ್ನಿಯಾದಲ್ಲಿದ್ದಿದ್ರೆ ಅದೂ ಸೇರಿ ಮಾಮೂಲಿ ಅಕೌಂಟ್ ಇನ್ನೂ ಲಾಭ ಆಗ್ತಿತ್ತು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ, ಅವರ ಫ್ರೆಂಡ್ಸ್ ಇದನ್ನ ಯೋಚನೆ ಮಾಡಿರಲ್ಲ, ಅವರು ಅಲ್ಲೇ ಉಳಿಯೋರು ತಾನೆ. ರಾತ್‌ಗೆ ಟ್ಯಾಕ್ಸ್ ಇಲ್ಲ ಅಂದಿರೋದು ಅಮೆರಿಕದ ಕಾನೂನು, ನಮ್ಮದಲ್ಲ. ಇಲ್ಲಿ ಪೂರ್ತಿ ರೆಸಿಡೆಂಟ್ ಆದ್ಮೇಲೆ ಪ್ರಪಂಚದಲ್ಲಿ ಎಲ್ಲಿ ಬಂದ ಆದಾಯವನ್ನೂ ತೋರಿಸ್ಬೇಕು. ಅಲ್ಲಿನ ಅಕೌಂಟ್ ಬೆಳೆದ ಹಾಗೆಲ್ಲ ಪ್ರತಿವರ್ಷ ಇಲ್ಲಿ ಟ್ಯಾಕ್ಸ್ ಬೀಳದೇ ಇರ್ಲಿ ಅಂತ 2021ರ ಬಜೆಟ್‌ನಲ್ಲಿ 89ಎ ಅನ್ನೋ ಸೆಕ್ಷನ್ ತಂದ್ರು, ಆದ್ರೆ ಅದು ಬರೆದಿರೋದು ತೆಗೆಯುವಾಗ ಅಲ್ಲಿ ಟ್ಯಾಕ್ಸ್ ಬೀಳೋ ಅಕೌಂಟ್‌ಗಳಿಗೆ. ಮಾಮೂಲಿ 401ಕೆ ಅದರೊಳಗೆ ಸಲೀಸಾಗಿ ಕೂರುತ್ತೆ. ರಾತ್‌ಗೆ ಅಲ್ಲಿ ಟ್ಯಾಕ್ಸೇ ಬೀಳಲ್ವಲ್ಲ, ಅದು ಹೇಗೆ ಕೂರುತ್ತೆ? ಅಲ್ಲಿ ಒಂದ್ಸಲ ಕಟ್ಟಿ, ಇಲ್ಲಿ ಬೆಳವಣಿಗೆಗೆ ಮತ್ತೆ ಕಟ್ಟೋ ಪರಿಸ್ಥಿತಿ ಬರಬಹುದು, ಇದು ನಿಮ್ಮ ಮಗಳಿಗೆ ಆಗೋದು ಬೇಡ.

ವಾಪಸ್ ಬಂದ ಮೊದಲ ಎರಡು ಮೂರು ವರ್ಷ ಸಾಮಾನ್ಯವಾಗಿ ಆರ್‌ಎನ್‌ಓಆರ್ ಅಂತ, ಅಂದ್ರೆ ಇನ್ನೂ ಪೂರ್ತಿ ರೆಸಿಡೆಂಟ್ ಆಗದ ಸ್ಥಿತಿ ಇರುತ್ತೆ, ಆಗ ವಿದೇಶದ ಆದಾಯಕ್ಕೆ ಇಲ್ಲಿ ಟ್ಯಾಕ್ಸ್ ಇಲ್ಲ, ಆಗ್ಲೇ ರಾತ್ ಖಾಲಿ ಮಾಡಿಬಿಡಿ ಅಂತ ಸಲಹೆ ಕೊಡೋರು ಇದ್ದಾರೆ. ಆದ್ರೆ ಮಗಳಿಗೆ ಆಗ 53. ರಾತ್‌ನ ಬೆಳವಣಿಗೆ ಟ್ಯಾಕ್ಸ್ ಇಲ್ಲದೇ ಸಿಗ್ಬೇಕಂದ್ರೆ ಐದು ವರ್ಷ ಕಳೆದಿರ್ಬೇಕು, ಜೊತೆಗೆ 59½ ವಯಸ್ಸೂ ಆಗಿರ್ಬೇಕು, ಮೊದಲೇ ತೆಗೆದ್ರೆ ಬೆಳವಣಿಗೆ ಮೇಲೆ ಟ್ಯಾಕ್ಸು, ಮೇಲೆ 10% ದಂಡ.

ಅವಳಿಗೆ ಎರಡು ಮಾತು ಖಂಡಿತ ಹೇಳಿ. ಈಗ ಉಳಿದ ಟ್ಯಾಕ್ಸ್ ದುಡ್ಡನ್ನ ಬೇರೆ ಕಡೆ ಹೂಡಿಕೆ ಮಾಡ್ಲೇಬೇಕು, ಕಾರು ಟೂರು ಅಂತ ಖರ್ಚಾದ್ರೆ ನನ್ನ ಲೆಕ್ಕವೆಲ್ಲ ತಲೆಕೆಳಗು. ಇನ್ನೊಂದು, ಅಮೆರಿಕದ ಸಿಟಿಜನ್ ಆಗದೇ ಬಂದ್ರೆ ಹಣ ತೆಗೆಯುವಾಗ ಅಲ್ಲಿ 30% ಹಿಡಿಯೋದು ವಾಡಿಕೆ, ಎರಡು ದೇಶದ ತೆರಿಗೆ ಒಪ್ಪಂದದಲ್ಲಿ ಪೆನ್ಷನ್‌ಗೆ ಬೇರೆ ನಿಯಮ ಇದೆ, ತೆಗೆಯೋಕೆ ಮುಂಚೆನೇ ಎರಡೂ ಕಡೆ ಗೊತ್ತಿರೋ ಆಡಿಟರ್ ಹತ್ರ ಕೂರ್ಲಿ.

ಪ್ರಶ್ನೆ: ನಾನು ಮಂಡ್ಯದೋಳು. ನನ್ನ ತಮ್ಮ ಒಹಾಯೋದಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾನೆ, 12% ಸ್ಲ್ಯಾಬ್ ಅಂತೆ, ಗ್ರೀನ್ ಕಾರ್ಡ್ ಇದೆ, ಅಲ್ಲೇ ಇರ್ತಾನೆ. ಅವನಿಗೂ ಮಾಮೂಲಿದೇನಾ?

ಉತ್ತರ: ಇಲ್ಲಮ್ಮ, ಅವನು ರಾತ್‌ಗೇ ಹಾಕ್ಲಿ. ಇಷ್ಟು ಕಮ್ಮಿ ರೇಟ್ ಮತ್ತೆ ಸಿಗೋದು ಕಷ್ಟ, ಮೇಲಾಗಿ ಮಾಮೂಲಿ ಅಕೌಂಟ್‌ನಲ್ಲಿ ಅವನ ವಯಸ್ಸಿನೋರು 75ಕ್ಕೆ ಕಡ್ಡಾಯವಾಗಿ ಹಣ ತೆಗೆಯೋಕೆ ಶುರು ಮಾಡ್ಬೇಕು, ರಾತ್ 401ಕೆಗೆ 2024ರಿಂದ ಆ ಕಡ್ಡಾಯ ಇಲ್ಲ. ಅವನು ಹಾಕಿದ್ದಕ್ಕೆ ಕಂಪನಿಯೋರೂ ತಮ್ಮ ಪಾಲು ಸೇರಿಸೋದಾದ್ರೆ (ಮ್ಯಾಚ್) ಅದು ಪೂರ್ತಿ ಸಿಗೋವಷ್ಟಾದ್ರೂ ಹಾಕ್ಲಿ. ಸಂಬಳ ಏರಿ 24% ಮುಟ್ಟಿದ ವರ್ಷ ಹೊಸ ದುಡ್ಡನ್ನ ಮಾಮೂಲಿ ಕಡೆ ತಿರುಗಿಸ್ಲಿ, ರಾತ್‌ನಲ್ಲಿರೋದು ಅಲ್ಲೇ ಇರ್ಲಿ.